ಹಳಿ ಇದ್ದರೂ ಲೋಕಲ್ ರೈಲು ಯಾಕಿಲ್ಲ? ಬೆಂಗಳೂರು ಉಪನಗರ ರೈಲಿನ ಒಳಗುಟ್ಟು

ಬೆಂಗಳೂರಿನ ನಕ್ಷೆ ತೆಗೆದು ರೈಲು ಹಳಿಗಳನ್ನು ಮಾತ್ರ ನೋಡಿ. ಮೈಸೂರಿನ ಕಡೆಗೊಂದು, ತುಮಕೂರಿನ ಕಡೆಗೊಂದು, ನೆಲಮಂಗಲದ ಮೇಲೆ ಹಾಸನಕ್ಕೊಂದು. ಯಲಹಂಕದಿಂದ ದೊಡ್ಡಬಳ್ಳಾಪುರ, ಹಿಂದೂಪುರದ ಕಡೆಗೊಂದು, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೊಂದು. ವೈಟ್‌ಫೀಲ್ಡ್ ಮೇಲೆ ಬಂಗಾರಪೇಟೆಗೊಂದು, ಕಾರ್ಮೆಲಾರಾಂ ಮೇಲೆ ಹೊಸೂರಿಗೊಂದು. ಇವುಗಳನ್ನೆಲ್ಲ ಜೋಡಿಸುವ ಹಾಗೆ ಹೆಬ್ಬಾಳ, ಬಾಣಸವಾಡಿ, ಬೈಯಪ್ಪನಹಳ್ಳಿ ಸುತ್ತಿಕೊಂಡು ಹೋಗುವ ಹಳಿಯೂ ಇದೆ. ಇಷ್ಟು ಚೆನ್ನಾಗಿ ಹಳಿ ಹರಡಿರುವ ಊರುಗಳು ದೇಶದಲ್ಲಿ ಜಾಸ್ತಿ ಇಲ್ಲ.

ಹಾಗಾಗಿ ಮಾರತಹಳ್ಳಿಯಲ್ಲೋ ಹೆಬ್ಬಾಳದಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಹಳಿ ಹೇಗೂ ಇದೆ ಅಲ್ವಾ, ನಾಲ್ಕು ರೈಲು ಜಾಸ್ತಿ ಓಡಿಸೋಕೆ ಇವರಿಗೇನು ಕಷ್ಟ? ಕೇಳಿದರೆ ತಪ್ಪೇನಿಲ್ಲ. ಉತ್ತರ ಮಾತ್ರ ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ.

ಮೊದಲಿಗೆ ಒಂದು ಮಾತು. ಬೆಂಗಳೂರಿನಲ್ಲಿ ಲೋಕಲ್ ರೈಲಿನ ಮಂದಿ ಈಗಾಗಲೇ ಇದ್ದಾರೆ. ಆದರೆ ಅವರಲ್ಲಿ ಬಹಳ ಜನ ಬೆಂಗಳೂರಿನವರಲ್ಲ. ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣಕ್ಕೆ ಬೆಳಕು ಹರಿಯುವ ಮೊದಲು ಹೋದರೆ ಅವರನ್ನು ನೋಡಬಹುದು. 2001ರ ಫೆಬ್ರವರಿ ಕೊನೆಯಲ್ಲಿ ಚಿನ್ನದ ಗಣಿ ಮುಚ್ಚಿತು. ಊರಿನಲ್ಲಿ ಕೆಲಸ ಇಲ್ಲ, ಮನೆ ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವಷ್ಟು ಸಂಬಳ ಇಲ್ಲ. ಉಳಿದ ದಾರಿ ರೈಲೊಂದೇ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಗಣಿಯ ಕಾಲದ ಪುಟ್ಟ ನಿಲ್ದಾಣಗಳಲ್ಲಿ ಹತ್ತಿಕೊಂಡು, ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಸೇರಿ, ವೈಟ್‌ಫೀಲ್ಡ್, ಕೆ.ಆರ್. ಪುರ, ಕಂಟೋನ್ಮೆಂಟ್‌ಗಳಲ್ಲಿ ಇಳಿದು ಚದುರಿಹೋಗುತ್ತಾರೆ. ಗಾರೆ ಕೆಲಸದವರು, ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಹೆಂಗಸರು, ಅಂಗಡಿ, ಆಫೀಸಿನಲ್ಲಿ ದುಡಿಯುವ ಹುಡುಗ ಹುಡುಗಿಯರು ಎಲ್ಲರೂ ಅದೇ ರೈಲಿನಲ್ಲಿ. ಕಿಟಕಿಯಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯುವುದು, ಕೂತ ತಕ್ಷಣ ನಿದ್ದೆ ಹೋಗುವುದು, ಸಂಜೆ ಅದೇ ಸಾಲು ಉಲ್ಟಾ. ಒಂದು ಕಡೆಗೇ ಸುಮಾರು 85 ಕಿಲೋಮೀಟರ್. ತುಮಕೂರು, ರಾಮನಗರ, ಮಂಡ್ಯದಿಂದಲೂ ಹೀಗೆ ದಿನಾ ಬಂದುಹೋಗುವವರಿದ್ದಾರೆ. ರೈಲ್ವೆಯ ತಿಂಗಳ ಪಾಸು 150 ಕಿಲೋಮೀಟರ್‌ವರೆಗೂ ಸಿಗುತ್ತದೆ. ಮೈಸೂರು 139 ಕಿಲೋಮೀಟರ್, ಹಾಗಾಗಿ ಅದೂ ಪಾಸಿನ ಲೆಕ್ಕಕ್ಕೆ ಬರುತ್ತದೆ.

ಇವರಿಗೆ ರೈಲು ಅನುಕೂಲ, ಯಾಕೆಂದರೆ ದೂರ ಜಾಸ್ತಿ, ಪಾಸು ಅಗ್ಗ. ಒಂದು ನಿರ್ದಿಷ್ಟ ರೈಲಿಗೆ ಇಡೀ ದಿನವನ್ನೇ ಹೊಂದಿಸಿಕೊಂಡಿರುತ್ತಾರೆ. ಆದರೆ ಬಾಣಸವಾಡಿಯಿಂದ ಯಶವಂತಪುರಕ್ಕೆ ಹೋಗಬೇಕಾದವರು ಹಾಗೆ ಮಾಡುವುದಿಲ್ಲ. ಮುಂದಿನ ರೈಲು ಒಂದೂವರೆ ಗಂಟೆ ಬಿಟ್ಟು ಅಂದರೆ ಆಟೋ ಹತ್ತುತ್ತಾರೆ. ಊರೊಳಗಿನ ಪ್ರಯಾಣಿಕರಿಗೆ ಟೈಮ್ ಟೇಬಲ್ ನೋಡುವ ತಾಳ್ಮೆ ಇಲ್ಲ. ಹತ್ತು ನಿಮಿಷಕ್ಕೊಂದು ರೈಲು ಬರಬೇಕು. ಇಡೀ ಸಮಸ್ಯೆ ಕೂತಿರುವುದು ಈ ಹತ್ತು ನಿಮಿಷದಲ್ಲಿ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಎಲ್ಲ ಕಡೆ ನಿಂತು ಹೋಗುವ ಲೋಕಲ್ ರೈಲು ಸರಾಸರಿ ಗಂಟೆಗೆ 35 ಕಿಲೋಮೀಟರ್ ಹೋದರೆ 43 ನಿಮಿಷ ಬೇಕು. ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ 75ರ ಸರಾಸರಿಯಲ್ಲಿ ಹೋದರೆ 20 ನಿಮಿಷ ಸಾಕು. ಎರಡಕ್ಕೂ ಒಂದೇ ಹಳಿ. ಲೋಕಲ್ ಹೊರಟು ಕಡಿಮೆ ಅಂದರೂ 23 ನಿಮಿಷ ಆಗುವ ತನಕ ಎಕ್ಸ್‌ಪ್ರೆಸ್ ಬಿಡುವ ಹಾಗಿಲ್ಲ. ಬಿಟ್ಟರೆ ಅದು ಮಧ್ಯದಲ್ಲೇ ಲೋಕಲ್‌ನ ಬಾಲಕ್ಕೆ ಬಂದು ನಿಲ್ಲುತ್ತದೆ. ಅಂದರೆ ಒಂದು ಲೋಕಲ್, ಒಂದು ಎಕ್ಸ್‌ಪ್ರೆಸ್ ಜೋಡಿಯೇ ಅರ್ಧ ಗಂಟೆ ತಿಂದುಹಾಕುತ್ತದೆ. ಅದೇ ಹಳಿಯಲ್ಲಿ ಒಂದೇ ವೇಗದ, ಒಂದೇ ಕಡೆ ನಿಲ್ಲುವ ಲೋಕಲ್‌ಗಳನ್ನು ಮಾತ್ರ ಬಿಟ್ಟರೆ, ಸಿಗ್ನಲ್ ವ್ಯವಸ್ಥೆ ಚೆನ್ನಾಗಿದ್ದರೆ, ಐದು ನಿಮಿಷಕ್ಕೊಂದರಂತೆ ಕಳಿಸಬಹುದು. ಹಳಿ ಅದೇ, ಸಾಮರ್ಥ್ಯ ಎಷ್ಟೋ ಪಟ್ಟು.

ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಲೋಕಲ್ ರೈಲನ್ನು ನಿಲ್ದಾಣದ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ತೆಗೆದು ನಿಲ್ಲಿಸಬಹುದು. ಈಗ ಆಗುತ್ತಿರುವುದೇ ಅದು. ಹತ್ತಿರದ ಊರುಗಳ ನಡುವೆ ಓಡುವ ಮೆಮು ಎಂಬ ವಿದ್ಯುತ್ ರೈಲಿನಲ್ಲಿ ಓಡಾಡಿದವರಿಗೆ ಗೊತ್ತು: ಯಾವುದೋ ಸಣ್ಣ ನಿಲ್ದಾಣದಲ್ಲಿ ರೈಲು ಸುಮ್ನೆ ನಿಂತಿರುತ್ತದೆ, ಪಕ್ಕದಲ್ಲಿ ಒಂದು ಸೂಪರ್‌ಫಾಸ್ಟ್ ಧೂಳೆಬ್ಬಿಸಿಕೊಂಡು ಹೋಗುತ್ತದೆ, ಅದಾದ ಮೇಲೆ ಒಂದು ಗೂಡ್ಸ್. ಕಂಟ್ರೋಲ್ ರೂಮಿನಲ್ಲಿ ಕೂತವರನ್ನು ಬೈದು ಉಪಯೋಗವಿಲ್ಲ. ದೂರದ ರೈಲಿನಲ್ಲಿ ಸಾವಿರಾರು ಜನ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿರುತ್ತಾರೆ. ಅದನ್ನು ತಡೆದರೆ ಮುಂದಿನ ಪ್ಲಾಟ್‌ಫಾರ್ಮ್ ಲೆಕ್ಕವೆಲ್ಲ ಏರುಪೇರು.

ಇದರ ಜೊತೆ ಇನ್ನೊಂದು ತೊಡಕಿದೆ. ಯಶವಂತಪುರ, ಬೈಯಪ್ಪನಹಳ್ಳಿಯಂಥ ಕಡೆ ಬೇರೆ ಬೇರೆ ದಿಕ್ಕಿನ ಹಳಿಗಳು ನೆಲಮಟ್ಟದಲ್ಲೇ ಒಂದನ್ನೊಂದು ದಾಟುತ್ತವೆ. ಒಂದು ರೈಲು ಅಡ್ಡ ದಾಟುವಾಗ ಎರಡೂ ಕಡೆಯ ರೈಲು ಕಾಯಬೇಕು. ರಸ್ತೆಯಾಗಿದ್ದರೆ ಫ್ಲೈಓವರ್ ಕಟ್ಟುತ್ತಿದ್ದೆವು. ರೈಲಿಗೂ ಅದೇ ಮದ್ದು, ಆದರೆ ಬಹಳ ದುಬಾರಿ.

ಇನ್ನು ಬಾಗಿಲು. ಇದು ಚಿಕ್ಕ ವಿಷಯ ಅನ್ನಿಸಬಹುದು. ಹಾಲ್ಟ್ ಅನ್ನುವ ಪುಟ್ಟ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ತಗ್ಗಿನಲ್ಲಿರುತ್ತದೆ, ಕೆಲವು ಕಡೆ ನೆಲಕ್ಕಿಂತ ಸ್ವಲ್ಪವೇ ಎತ್ತರ. ಬೋಗಿಯ ಬಾಗಿಲಿಗೆ ಕಬ್ಬಿಣದ ಮೆಟ್ಟಿಲು. ವಯಸ್ಸಾದವರೊಬ್ಬರು ತರಕಾರಿ ಚೀಲ ಮೇಲಿಟ್ಟು, ಕಂಬಿ ಹಿಡಿದು ಹತ್ತುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತದೆ. ಅವರ ಹಿಂದೆ ಇನ್ನೂ ಹತ್ತು ಜನ ಇರುತ್ತಾರೆ. ಪ್ಲಾಟ್‌ಫಾರ್ಮ್ ಬೋಗಿಯ ಮಟ್ಟಕ್ಕೇ ಇದ್ದು ಬಾಗಿಲು ಅಗಲವಾಗಿದ್ದರೆ ಅದೇ ಅರ್ಧ ನಿಮಿಷದಲ್ಲಿ ನೂರಾರು ಜನ ಹತ್ತಿ ಇಳಿಯುತ್ತಾರೆ. ಪ್ರತಿ ನಿಲ್ದಾಣದಲ್ಲಿ ಒಂದು ನಿಮಿಷ ಉಳಿದರೂ 14 ನಿಲ್ದಾಣಕ್ಕೆ 14 ನಿಮಿಷ ಉಳಿತಾಯ.

ಇರುವ ಹಳಿಯಲ್ಲೇ ಲೋಕಲ್ ಓಡಿಸಿದರೆ ಏನಾಗುತ್ತದೆ ಅಂತ ನೋಡಲು ಹೈದರಾಬಾದಿಗೆ ಹೋಗಬೇಕು. ಅಲ್ಲಿ ಎಂಎಂಟಿಎಸ್ ಅನ್ನುವ ಲೋಕಲ್ ರೈಲು ಶುರುವಾಗಿದ್ದು 2003ರಲ್ಲಿ. ರಾಜ್ಯ ಮತ್ತು ರೈಲ್ವೆ ಖರ್ಚು ಹಂಚಿಕೊಂಡವು. ಟಿಕೆಟ್ ಅಗ್ಗ, ಐಟಿ ಕಂಪನಿಗಳ ಹತ್ತಿರವೇ ನಿಲ್ದಾಣ. ಆದರೆ ದೂರದ ರೈಲುಗಳ ಜೊತೆ ಹಳಿ ಹಂಚಿಕೊಂಡಿದ್ದರಿಂದ ಯಾವಾಗ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಆಮೇಲೆ ಬಂದ ಮೆಟ್ರೊ ಜನರನ್ನು ಸೆಳೆದುಕೊಂಡಿತು. ಮುಂಬೈಯ ಕಥೆ ಬೇರೆ. 1925ರಲ್ಲೇ ಅಲ್ಲಿ ವಿದ್ಯುತ್ ಲೋಕಲ್ ಬಂತು. ಸ್ಲೋ ರೈಲಿಗೊಂದು ಜೋಡಿ ಹಳಿ, ಫಾಸ್ಟ್ ರೈಲಿಗೊಂದು ಜೋಡಿ. ಅಷ್ಟಾದರೂ ದೂರದ ರೈಲುಗಳ ಕಾಟ ತಪ್ಪಿಸಲು ಐದನೇ, ಆರನೇ ಹಳಿ ಹಾಕುವ ಕೆಲಸ ಇವತ್ತಿಗೂ ನಡೆಯುತ್ತಲೇ ಇದೆ.

ಹಾಗಾಗಿ ಬೆಂಗಳೂರಿನ ಉಪನಗರ ರೈಲು ಯೋಜನೆಯಲ್ಲಿ ಮೂಲ ತೀರ್ಮಾನ ಒಂದೇ: ರೈಲ್ವೆಯ ಜಾಗದಲ್ಲೇ, ಇರುವ ಹಳಿಯ ಪಕ್ಕದಲ್ಲಿ, ಲೋಕಲ್‌ಗೇ ಅಂತ ಬೇರೆ ಜೋಡಿ ಹಳಿ ಹಾಕುವುದು. ಈ ತೀರ್ಮಾನಕ್ಕೆ ಬರಲು ಹಿಡಿದ ಕಾಲ ಮಾತ್ರ ಬೇಜಾರು ತರಿಸುತ್ತದೆ. ಊರಿಗೆ ಉಪನಗರ ರೈಲು ಬೇಕು ಎಂಬ ಸಲಹೆ ದಕ್ಷಿಣ ರೈಲ್ವೆಯ ವರದಿಯಲ್ಲಿ ಬಂದಿದ್ದು 1983ರಲ್ಲಿ. ಆಮೇಲೆ ವರದಿ ಮೇಲೆ ವರದಿ. 2012ರಲ್ಲಿ ರೈಲ್ವೆಯ ಸಲಹಾ ಸಂಸ್ಥೆ ರೈಟ್ಸ್ ಸುತ್ತಲಿನ ಪಟ್ಟಣಗಳನ್ನೂ ಸೇರಿಸಿ ದೊಡ್ಡ ಜಾಲವನ್ನೇ ಮುಂದಿಟ್ಟಿತು. 2016ರ ಕೊನೆಯಲ್ಲಿ ಜನ ‘ಚುಕುಬುಕು ಬೇಕು’ ಅಂತ ಬೀದಿಗಿಳಿದರು. 2018ರ ಕೇಂದ್ರ ಬಜೆಟ್‌ನಲ್ಲಿ 160 ಕಿಲೋಮೀಟರ್, 17,000 ಕೋಟಿ ರೂಪಾಯಿ ಅಂತ ಘೋಷಣೆ ಆಯಿತು. 2020ರ ಬಜೆಟ್‌ನಲ್ಲಿ ಅದು 148 ಕಿಲೋಮೀಟರ್, 18,600 ಕೋಟಿ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಮೊತ್ತ 15,767 ಕೋಟಿಗೆ ಇಳಿದಿತ್ತು. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುವ ಮಾತಾಡಿದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು. ರೈಲು ಬಂದಿಲ್ಲ. ಈಗ ಕೇಳಿಬರುತ್ತಿರುವುದು ಈ ದಶಕದ ಕೊನೆಯ ಮಾತು.

ಯೋಜನೆಯಲ್ಲಿ ನಾಲ್ಕು ಮಾರ್ಗ. ಹೆಸರೆಲ್ಲ ಹೂವಿನದು. ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದಿಂದ ದೇವನಹಳ್ಳಿಗೆ ಸಂಪಿಗೆ, 41 ಕಿಲೋಮೀಟರ್. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, 25 ಕಿಲೋಮೀಟರ್. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ, 35 ಕಿಲೋಮೀಟರ್. ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ, 46 ಕಿಲೋಮೀಟರ್. ಹೆಸರಿಟ್ಟವರ ಅಭಿರುಚಿ ಚೆನ್ನಾಗಿದೆ. ಕಟ್ಟುವವರ ವೇಗವೂ ಹಾಗೇ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮೆಟ್ರೊ ಇರುವಾಗ ಇದ್ಯಾಕೆ ಅಂತ ಕೇಳುವವರಿದ್ದಾರೆ. ಎರಡರ ಕೆಲಸ ಬೇರೆ. ಮೆಟ್ರೊ ಸುಮಾರು ಒಂದು ಕಿಲೋಮೀಟರಿಗೊಮ್ಮೆ ನಿಲ್ಲುತ್ತದೆ. ಉಪನಗರ ರೈಲಿಗೆ 148 ಕಿಲೋಮೀಟರಿಗೆ 57 ನಿಲ್ದಾಣ, ಅಂದರೆ ಎರಡೂವರೆ ಕಿಲೋಮೀಟರಿಗೊಂದು. ದೂರ ಹೋಗುವವರಿಗೆ ಇದು ಬೇಗ ಮುಟ್ಟಿಸುತ್ತದೆ. ಹಣದ ಲೆಕ್ಕವನ್ನೂ ನೋಡಿ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಾಗ 58 ಕಿಲೋಮೀಟರಿಗೆ 14,788 ಕೋಟಿ. ಕಿಲೋಮೀಟರಿಗೆ 250 ಕೋಟಿಗೂ ಮೇಲೆ. ಉಪನಗರ ರೈಲಿಗೆ ಅಂದಾಜು 106 ಕೋಟಿ. ಜಾಗದ ಬಹುಪಾಲು ರೈಲ್ವೆಯದ್ದೇ, ಅದೂ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ ಗುತ್ತಿಗೆಯಲ್ಲಿ. ಬಹಳಷ್ಟು ಕಡೆ ಹಳಿ ನೆಲದ ಮೇಲೇ ಹೋಗುತ್ತದೆ. ಅದಕ್ಕೇ ಅಗ್ಗ.

ಹಳಿಯ ಅಗಲವೂ ಬೇರೆ. ನಮ್ಮ ಮೆಟ್ರೊ ಓಡುವುದು 1,435 ಮಿಲಿಮೀಟರ್‌ನ ಸ್ಟ್ಯಾಂಡರ್ಡ್ ಗೇಜ್ ಮೇಲೆ, ಪಕ್ಕದಲ್ಲಿ ಹಾಯುವ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಪಡೆದು. ಉಪನಗರ ರೈಲು 1,676 ಮಿಲಿಮೀಟರ್‌ನ ಬ್ರಾಡ್ ಗೇಜ್, ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಅಂದರೆ ಊರ ಹೊರಗಿನ ರೈಲ್ವೆ ಜಾಲಕ್ಕೂ ಇದಕ್ಕೂ ಒಂದೇ ಅಳತೆ. ಮುಂದೆಂದಾದರೂ ತುಮಕೂರಿಗೋ ಬಂಗಾರಪೇಟೆಗೋ ಬೆಳೆಸಬೇಕಾದರೆ ಈ ಹೊಂದಿಕೆ ಉಪಯೋಗಕ್ಕೆ ಬರುತ್ತದೆ.

ಯಶವಂತಪುರದ ಆಸುಪಾಸಿನಲ್ಲಿ ಮಲ್ಲಿಗೆ ಮಾರ್ಗದ ಕಂಬಗಳನ್ನು ನೋಡಿದವರಿಗೆ ಕೆಲಸ ಎಂಥದ್ದು ಅಂತ ಅಂದಾಜು ಸಿಗುತ್ತದೆ. ಕಂಬಗಳ ಮೇಲೆ ಕೂರಿಸುವುದು ಯು-ಗರ್ಡರ್ ಅನ್ನುವ ಕಾಂಕ್ರೀಟ್ ತೊಲೆ. ಹೆಸರೇ ಹೇಳುವ ಹಾಗೆ ಇಂಗ್ಲಿಷಿನ ಯು ಅಕ್ಷರದ ಆಕಾರ. ಉದ್ದ 31 ಮೀಟರ್. ಹಳಿ ಬರುವುದು ತೊಲೆಯ ಮೇಲಲ್ಲ, ಆ ಯು ಒಳಗೆ. ಎರಡು ಪಕ್ಕದ ಗೋಡೆಗಳೇ ಭಾರ ಹೊರುತ್ತವೆ, ಅವೇ ತಡೆಗೋಡೆಯೂ ಆಗುತ್ತವೆ. ಇದರಿಂದ ಒಟ್ಟು ಎತ್ತರ ಕಡಿಮೆಯಾಗುತ್ತದೆ. ಈಗಿರುವ ಹಳಿ, ರಸ್ತೆ ಸೇತುವೆ, ವಿದ್ಯುತ್ ತಂತಿಗಳ ನಡುವೆ ನುಸುಳಬೇಕಾದಾಗ ಒಂದೊಂದು ಅಡಿಯೂ ಮುಖ್ಯ. ಇಷ್ಟೆಲ್ಲ ಮಾಡಬೇಕಾಗಿರುವುದು ಪಕ್ಕದಲ್ಲೇ ರೈಲುಗಳು ಓಡಾಡುತ್ತಿರುವಾಗ. ಕ್ರೇನ್ ಎತ್ತಬೇಕಾದರೆ ರೈಲ್ವೆಯವರು ಆ ಹೊತ್ತಿಗೆ ಸಂಚಾರ ನಿಲ್ಲಿಸಿ ‘ಬ್ಲಾಕ್’ ಕೊಡಬೇಕು. ರಾತ್ರಿ ಒಂದೆರಡು ಗಂಟೆ ಸಿಕ್ಕರೆ ಅದೇ ಪುಣ್ಯ.

ಎಂಜಿನಿಯರಿಂಗ್ ಕಷ್ಟ, ಆದರೆ ಯೋಜನೆ ಕುಂಟಿದ್ದು ಅದರಿಂದಲ್ಲ. ನನ್ನ ಪ್ರಕಾರ ಅಸಲಿ ರೋಗ ಯಜಮಾನಿಕೆಯದ್ದು. ಕಟ್ಟುತ್ತಿರುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯ ಸರ್ಕಾರದ ಪಾಲು ಶೇ. 51, ರೈಲ್ವೆಯದ್ದು ಶೇ. 49. ಖರ್ಚಿನಲ್ಲಿ ರಾಜ್ಯ ಶೇ. 20, ಕೇಂದ್ರ ಶೇ. 20, ಉಳಿದ ಶೇ. 60 ಸಾಲ. ಸಾಲ ಕೊಡುತ್ತಿರುವವರು ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ ಮತ್ತು ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್. ಕಾಗದದ ಮೇಲೆ ಅಚ್ಚುಕಟ್ಟು. ನೆಲದ ಮೇಲೆ ಬಂದರೆ ಜಾಗ ರೈಲ್ವೆಯದ್ದು, ಆತುರ ರಾಜ್ಯದ್ದು. ಒಂದು ಸೇತುವೆಯ ನಕ್ಷೆಗೂ ರೈಲ್ವೆಯ ಒಪ್ಪಿಗೆ ಬೇಕು. ರೈಲ್ವೆಗೋ ತನ್ನದೇ ಯೋಜನೆಗಳಿವೆ: ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್‌ಗೆ ನಾಲ್ಕು ಹಳಿ ಮಾಡುವುದು, ಹೊಸ ಟರ್ಮಿನಲ್‌ಗಳು, ಮುಂದಿನ 30 ವರ್ಷದ ಎಕ್ಸ್‌ಪ್ರೆಸ್ ರೈಲುಗಳು. ಇವತ್ತು ಲೋಕಲ್‌ಗೆ ಜಾಗ ಬಿಟ್ಟರೆ ನಾಳೆ ನಮಗೆ ಎಲ್ಲಿದೆ ಅಂತ ಅವರು ಯೋಚಿಸುವುದು ಸಹಜ. ಲೋಕಲ್ ರೈಲಿನಲ್ಲಿ ರೈಲ್ವೆಗೆ ದೇಶದೆಲ್ಲೆಡೆ ನಷ್ಟವೇ. ಹಾಗಾಗಿ ಉತ್ಸಾಹವೂ ಅಷ್ಟಕ್ಕಷ್ಟೇ.

ರಾಜ್ಯದ ಕಡೆಯೂ ಎಲ್ಲ ಸರಿ ಇರಲಿಲ್ಲ. ಖಾಸಗಿ ಜಾಗ ಸ್ವಾಧೀನ ತೆವಳಿತು. ಮರ ಕಡಿಯುವ ವಿಷಯ ಕೋರ್ಟಿಗೆ ಹೋಯಿತು. ಕೆ-ರೈಡ್‌ಗೆ ಬಹಳ ಕಾಲ ರೈಲು ಕಟ್ಟಿದ ಅನುಭವವಿರುವ ಪೂರ್ಣಾವಧಿ ಎಂಡಿ ಇರಲಿಲ್ಲ. ಬೇರೆ ಇಲಾಖೆ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಇದು ಹೆಚ್ಚುವರಿ ಹೊಣೆ. 15 ಸಾವಿರ ಕೋಟಿಯ ಕೆಲಸವನ್ನು ಹೀಗೆ ನಡೆಸಲು ಆಗುತ್ತಾ? 2022ರಲ್ಲಿ ಮಲ್ಲಿಗೆ, 2023ರ ಕೊನೆಗೆ ಕನಕ ಮಾರ್ಗದ ಸಿವಿಲ್ ಕೆಲಸ ಹಿಡಿದಿದ್ದ ಎಲ್ ಆಂಡ್ ಟಿ, ಕೆಲಸ ಮಾಡಲು ಜಾಗವೇ ಸಿಗುತ್ತಿಲ್ಲ ಎಂಬ ಕಾರಣ ಕೊಟ್ಟು 2025ರಲ್ಲಿ ಎರಡೂ ಗುತ್ತಿಗೆಯಿಂದ ಹೊರಬಂತು. ಉಳಿದ ಕೆಲಸಕ್ಕೆ ಮತ್ತೆ ಟೆಂಡರ್ ಕರೆಯಬೇಕಾಯಿತು. ಇದಕ್ಕೂ ಮೊದಲೇ, ಬೋಗಿಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ತರಿಸುವ ಪ್ರಯತ್ನವೂ ಫಲ ಕೊಡದೆ ಬಿದ್ದುಹೋಗಿತ್ತು.

ನಾಲ್ಕರಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಕನಕ. ಬೊಮ್ಮಸಂದ್ರದ ಕಾರ್ಖಾನೆಗಳು, ಬೆಳ್ಳಂದೂರು, ಮಾರತಹಳ್ಳಿಯ ಐಟಿ ಪಟ್ಟಿ, ಹೊರಮಾವು, ಥಣಿಸಂದ್ರದ ಮನೆಗಳು, ಯಲಹಂಕ ಎಲ್ಲ ಒಂದೇ ಗೆರೆಯಲ್ಲಿ ಬರುತ್ತವೆ. ಬೆಳ್ಳಂದೂರು ರೋಡ್ ನಿಲ್ದಾಣದಲ್ಲಿ ಈಗಲೂ ಬೆಳಗಿನ ರೈಲಿನಿಂದ ಬ್ಯಾಗ್ ಹೆಗಲಿಗೇರಿಸಿದ ಹುಡುಗರ ಗುಂಪು ಇಳಿಯುತ್ತದೆ. ಹೊಸೂರು ಮಾರ್ಗದಲ್ಲಿ ಹಳಿ ಜೋಡಿ ಮಾಡುವ ಕೆಲಸವನ್ನೂ ಕೆ-ರೈಡ್ ಮಾಡುತ್ತಿದೆ. ಇದು ಉಪನಗರ ಯೋಜನೆಯ ಭಾಗವಲ್ಲ, ಮಾಮೂಲಿ ರೈಲಿಗಾಗಿಯೇ. ಆದರೆ ಒಂಟಿ ಹಳಿ ಜೋಡಿ ಆದಷ್ಟೂ ಎದುರಿನ ರೈಲಿಗಾಗಿ ಕಾಯುವುದು ತಪ್ಪುತ್ತದೆ. ಈಗಿನ ಮೆಮು ಪ್ರಯಾಣಿಕರಿಗೆ ಮೊದಲು ಸಿಗುವ ಲಾಭ ಇದೇ.

ಪಾರಿಜಾತದ ವಿಷಯದಲ್ಲಿ ಅನುಮಾನ ಪಡುವವರು ಹೆಚ್ಚು. ಯಾಕೆಂದರೆ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟ, ಕೆಂಗೇರಿಯಿಂದ ವೈಟ್‌ಫೀಲ್ಡ್ ತನಕ ನೇರಳೆ ಮೆಟ್ರೊ ಓಡುತ್ತಿದೆ. ಮೆಟ್ರೊಗಿಂತ ಬೇಗ ಮುಟ್ಟಿಸಿದರೆ ಇದಕ್ಕೆ ಬೆಲೆ, ಇಲ್ಲದಿದ್ದರೆ ಕಷ್ಟ.

ಸಂಪಿಗೆಯದ್ದು ವಿಮಾನ ನಿಲ್ದಾಣದ ಪ್ರಶ್ನೆ. 2021ರ ಜನವರಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಾಂಪೌಂಡಿನ ಪಕ್ಕ ಒಂದು ಹಾಲ್ಟ್ ಸ್ಟೇಷನ್ ಶುರುವಾಯಿತು. ಟ್ಯಾಕ್ಸಿಗೆ ಸಾವಿರದ ಲೆಕ್ಕದಲ್ಲಿ ಕೊಡುವ ಊರಿನಲ್ಲಿ ಕೆಲವೇ ರೂಪಾಯಿಗಳ ಟಿಕೆಟ್! ಆದರೂ ಜನ ಮುಗಿಬೀಳಲಿಲ್ಲ. ದಿನಕ್ಕೆ ಬೆರಳೆಣಿಕೆಯ ರೈಲು. ಹಾಲ್ಟ್‌ನಿಂದ ಟರ್ಮಿನಲ್‌ಗೆ ಮತ್ತೆ ಬಸ್ಸು. ವಿಮಾನಕ್ಕೆ ಹೊರಟವರು ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಕಾಯುವ ಧೈರ್ಯ ಮಾಡುವುದಿಲ್ಲ. ಅಗ್ಗದ ಟಿಕೆಟ್ ಒಂದರಿಂದಲೇ ರೈಲು ತುಂಬುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗೇ, ಸಂಪಿಗೆ ಮಾರ್ಗ ಟರ್ಮಿನಲ್ ಒಳಗೇ ಹೋಗುತ್ತದೋ ಪಕ್ಕದಲ್ಲಿ ಹಾದುಹೋಗುತ್ತದೋ ಅನ್ನುವುದರ ಮೇಲೆ ಅದರ ಹಣೆಬರಹ ನಿಂತಿದೆ.

ಕೋಲಾರ, ತುಮಕೂರು, ಮೈಸೂರು, ಗೌರಿಬಿದನೂರು, ಹೊಸೂರಿನ ಕಡೆಗೆಲ್ಲ ಈ ಜಾಲವನ್ನು 452 ಕಿಲೋಮೀಟರ್ ಬೆಳೆಸುವ ಪ್ರಸ್ತಾವವನ್ನೂ ಕೆ-ರೈಡ್ ಮುಂದಿಟ್ಟಿತ್ತು. ಬೆಂಗಳೂರಿನ ರೈಲುಗಳನ್ನು ನೋಡಿಕೊಳ್ಳುವ ನೈಋತ್ಯ ರೈಲ್ವೆ ಅಧ್ಯಯನಕ್ಕೂ ಒಪ್ಪಲಿಲ್ಲ. ರೈಲ್ವೆಯ ಕಡೆಯಿಂದ ಈಗ ಬಂದಿರುವುದು ಬೇರೆ ಯೋಚನೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಸೋಲೂರು ಮುಟ್ಟಿಕೊಂಡು ಊರನ್ನು ಸುತ್ತುವರಿಯುವ 287 ಕಿಲೋಮೀಟರ್ ವರ್ತುಲ ಹಳಿ. ಅದು ಆದರೆ ಬೆಂಗಳೂರಿಗೆ ಬರಬೇಕಿಲ್ಲದ ಗೂಡ್ಸ್ ರೈಲುಗಳು ಊರೊಳಗೆ ನುಗ್ಗದೆ ಹೊರಗಿಂದಲೇ ಹೋಗುತ್ತವೆ, ಒಳಗಿನ ಹಳಿಯಲ್ಲಿ ಒಂದಿಷ್ಟು ಉಸಿರಾಡಲು ಜಾಗ ಸಿಗುತ್ತದೆ. ಆದರೆ ಅದಿನ್ನೂ ಸರ್ವೆಯ ಮಟ್ಟದ ಮಾತು. ಮಾರಿಕುಪ್ಪಂನವರು ಅಷ್ಟು ದಿನ ಕಾಯುವುದು ಬೇಡ. ಬೆಳಗಿನ ಹೊತ್ತಿಗೆ ಇನ್ನೆರಡು ಮೆಮು, ಇರುವ ಮೆಮುಗಳಿಗೆ ನಾಲ್ಕು ಬೋಗಿ ಜಾಸ್ತಿ, ಹಾಲ್ಟ್‌ಗಳಲ್ಲಿ ಎತ್ತರದ ಪ್ಲಾಟ್‌ಫಾರ್ಮ್, ವೈಟ್‌ಫೀಲ್ಡ್ ತನಕದ ನಾಲ್ಕು ಹಳಿ ಬೇಗ ಮುಗಿಸುವುದು. ಇದ್ಯಾವುದಕ್ಕೂ ಹೊಸ ಕಂಪನಿ ಬೇಡ, ಜರ್ಮನಿಯ ಸಾಲವೂ ಬೇಡ.